ಬೆಣೆಯಿಂದ ಸ್ಪ್ರಿಂಗಿಗೆ: ಲೋಹದ ಸ್ಲೀಪರ್ ಹಳಿಯನ್ನು ಹಿಡಿಯುವ ಬಗೆ

ರೈಲ್ವೆಯಲ್ಲಿ ಕೀಮನ್ ಎಂಬ ಹುದ್ದೆ ಇದೆ. ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹಿಡಿದು ತನ್ನ ಪಾಲಿನ ಹಳಿಯುದ್ದಕ್ಕೂ ದಿನಾ ನಡೆದು ನೋಡುವವರು. ಹೆಸರಿನಲ್ಲಿರುವ ‘ಕೀ’ ಬೀಗದ ಕೀಲಿಯಲ್ಲ, ಹಳಿಯ ಪಾದಕ್ಕೂ ಸ್ಲೀಪರಿನ (ಹಳಿಯ ಕೆಳಗೆ ಅಡ್ಡ ಮಲಗುವ ತೊಲೆ) ದವಡೆಗೂ (ಹಳಿಯನ್ನು ಹಿಡಿಯಲು ಅದರ ಮೇಲೆ ಎದ್ದಿರುವ ಕೊಕ್ಕೆ) ನಡುವೆ ಬಡಿದು ಕೂರಿಸುವ ಲೋಹದ ಬೆಣೆ. ಈಗ ಮುಖ್ಯ ಮಾರ್ಗಗಳಲ್ಲಿ ಆ ಬೆಣೆ ಬಹುತೇಕ ಕಾಣೆ. ಹುದ್ದೆಯ ಹೆಸರು ಮಾತ್ರ ಉಳಿದಿದೆ.

ಟ್ರ್ಯಾಕ್ ಎಂಬ ಪಠ್ಯವಿಷಯದಲ್ಲಿ ಲೋಹದ ಸ್ಲೀಪರಿನ ಅಧ್ಯಾಯ ಬಂದಾಗ ನಾನು ಮೊದಲು ಉರು ಹೊಡೆದದ್ದು ತೂಕ, ದಪ್ಪ, ಇಳಿಜಾರಿನ ಅಂಕಿಗಳನ್ನು. ಪರೀಕ್ಷೆಗೆ ಸಾಕಾಯಿತು, ತಲೆಗೆ ಹೋಗಲಿಲ್ಲ. ಬೆಣೆ ಯಾಕೆ ಹೋಯಿತು ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿದೆ. ಆಗ ಅರ್ಥವಾದದ್ದನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ಕಬ್ಬಿಣ ಯಾಕೆ ಬಂತು ಎಂದು ಚುಟುಕಾಗಿ. ಭಾರತದಲ್ಲಿ ಆರಂಭದ ಹಳಿಗಳು ಸಾಲ, ತೇಗ, ದೇವದಾರು ಮರದ ಸ್ಲೀಪರುಗಳ ಮೇಲೆ ಮಲಗಿದವು. ಗೆದ್ದಲು ಮತ್ತು ಮಳೆ ಮರವನ್ನು ತಿಂದವು, ಸ್ಲೀಪರಿನ ಬೇಡಿಕೆ ಕಾಡನ್ನು ತಿಂದಿತು. 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿ ಡೀಟ್ರಿಚ್ ಬ್ರಾಂಡಿಸ್ ಅದರ ಮುಖ್ಯಸ್ಥರಾದದ್ದರ ಹಿಂದೆ ಈ ಸ್ಲೀಪರ್ ಹಸಿವೂ ಒಂದು ಕಾರಣ. ಗೆದ್ದಲು ಕಬ್ಬಿಣವನ್ನು ತಿನ್ನುವುದಿಲ್ಲವಲ್ಲ, ಹಾಗಾಗಿ ಬಟ್ಟಲು ಮಗುಚಿಟ್ಟಂತಹ ಎರಡು ಬೀಡುಕಬ್ಬಿಣದ ಪಾಟ್‌ಗಳನ್ನು ಒಂದು ಸಲಾಕೆಯಿಂದ ಜೋಡಿಸಿದ ಪಾಟ್ ಸ್ಲೀಪರ್ ಬಂತು. ಈಜಿಪ್ಟಿನ ಅಲೆಕ್ಸಾಂಡ್ರಿಯಾ ಮಾರ್ಗದಲ್ಲೂ ಅದನ್ನೇ ಹಾಕಿದ್ದರು.

ಹಿಡಿಯುವುದು ಅಂದರೆ ಏನೇನು?

ಹಳಿ ತಪ್ಪಿಸಿಕೊಳ್ಳಲು ನೋಡುವ ದಾರಿಗಳನ್ನು ಎಣಿಸಿ. ಕೆಳಗೆ ಕುಸಿಯಬಹುದು. ಗಾಲಿಯ ಅಂಚು ನೂಕಿದಾಗ ಪಕ್ಕಕ್ಕೆ ಸರಿದು ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಅಗಲವಾಗಬಹುದು (ನಮ್ಮ ಬ್ರಾಡ್‌ಗೇಜಿನಲ್ಲಿ ಅದು 1676 ಮಿ.ಮೀ.). ಹೊರಮಗ್ಗುಲಿಗೆ ವಾಲಬಹುದು. ಗಾಲಿ ಹತ್ತಿರ ಬರುತ್ತಿರುವಾಗ ಸ್ವಲ್ಪ ಮೇಲಕ್ಕೆ ಏಳಬಹುದು. ಕೊನೆಯದು ಉದ್ದಕ್ಕೆ ತೆವಳುವುದು, ಇದಕ್ಕೆ ಕ್ರೀಪ್ ಎನ್ನುತ್ತಾರೆ. ಸ್ಲೀಪರ್ ಇವೆಲ್ಲವನ್ನೂ ತಡೆದು, ಬಂದ ಭಾರವನ್ನು ಜಲ್ಲಿಗೆ ಹಂಚಬೇಕು. ಜೊತೆಗೆ ಹಳಿಯನ್ನು 20ಕ್ಕೆ 1ರಷ್ಟು ಒಳಗಡೆಗೆ ವಾಲಿಸಿ ಕೂರಿಸಬೇಕು, ಗಾಲಿಯ ಮೈ ಶಂಕುವಿನಾಕಾರದ್ದು.

ವಾಲುವ ವಿಷಯದಲ್ಲಿ ಹೆಚ್ಚಿನವರಿಗೆ ತಪ್ಪು ಕಲ್ಪನೆ ಇರುತ್ತದೆ, ನನಗೂ ಇತ್ತು. ಪಾದವನ್ನು ಒತ್ತಿ ಹಿಡಿಯುವ ಕ್ಲಿಪ್ ಇಲ್ಲದಿದ್ದರೆ ಹಳಿ ಮಗುಚಿ ಬೀಳುತ್ತದೆ ಎಂದುಕೊಂಡಿದ್ದೆ. ಲೆಕ್ಕ ಮಾಡಿ ನೋಡೋಣ. ಆಕ್ಸಲ್ ಭಾರ 22.9 ಟನ್ ಆದರೆ ಒಂದು ಗಾಲಿಗೆ ಸುಮಾರು 112 ಕಿಲೋನ್ಯೂಟನ್. 60 ಕೆ.ಜಿ. ಹಳಿಯ (ಒಂದು ಮೀಟರಿನ ತೂಕ 60 ಕೆ.ಜಿ.) ಎತ್ತರ 172 ಮಿ.ಮೀ., ಪಾದದ ಅಗಲ 150 ಮಿ.ಮೀ. ಪಕ್ಕದ ನೂಕುಬಲ 40 ಕಿಲೋನ್ಯೂಟನ್ ಎಂದು ಉದಾಹರಣೆಗೆ ಇಟ್ಟುಕೊಂಡರೆ ಮಗುಚುವ ಮೊಮೆಂಟ್ (ತಿರುಗಿಸುವ ಶಕ್ತಿ, ಬಲ × ದೂರ) 40 × 0.172, ಅಂದರೆ 6.9 ಕಿಲೋನ್ಯೂಟನ್-ಮೀಟರ್. ಗಾಲಿಯ ಭಾರ ಹಳಿಯ ನಟ್ಟನಡುವೆ ಬಿದ್ದರೆ ತಡೆಯುವ ಮೊಮೆಂಟ್ 112 × 0.075, ಅಂದರೆ 8.4. ಒಳಬದಿಯ ಕ್ಲಿಪ್ ಒಂದು ಟನ್ ಒತ್ತಿದರೂ ಸೇರಿಸುವುದು 1.5 ಮಾತ್ರ. ಹಳಿಯನ್ನು ನೆಟ್ಟಗೆ ನಿಲ್ಲಿಸುವ ಕೆಲಸದಲ್ಲಿ ಸಿಂಹಪಾಲು ರೈಲಿನ ಭಾರದ್ದೇ! ಆದರೆ ತಿರುವಿನಲ್ಲಿ ಭಾರ ಒಂದು ಗಾಲಿಯಿಂದ ಜಾರಿದ ಗಳಿಗೆ, ಅಥವಾ ಗಾಲಿ ಹಳಿಯ ತಲೆಯ ಅಂಚಿನಲ್ಲಿ ಓಡಿದ ಗಳಿಗೆ, ಆ 8.4 ಕರಗುತ್ತದೆ. ಕ್ಲಿಪ್ಪಿನ 1.5 ಬೇಕಾಗುವುದು ಆಗ.

ಮಗುಚಿಟ್ಟ ಮರಿಗೆ

ಉಕ್ಕಿನ ಟ್ರಫ್ ಸ್ಲೀಪರ್ ನೋಡಲು ದನಕ್ಕೆ ನೀರಿಡುವ ಮರಿಗೆಯನ್ನು ಬೋರಲು ಹಾಕಿದಂತೆ. ಸುಮಾರು 12–13 ಮಿ.ಮೀ. ದಪ್ಪದ ಉಕ್ಕಿನ ತಗಡನ್ನು ಒತ್ತಿ ಈ ಆಕಾರಕ್ಕೆ ತರುತ್ತಾರೆ. ಅಷ್ಟೇ ದಪ್ಪದ ಚಪ್ಪಟೆ ತಗಡನ್ನು ಜಲ್ಲಿಯ ಮೇಲಿಟ್ಟರೆ ಬಾಗಿಹೋಗುತ್ತದೆ, ಅಂಚು ಮಡಿಸಿದರೆ ಬಾಗುವುದಿಲ್ಲ. ಚಾವಣಿಯ ಜಿಂಕ್ ಶೀಟಿಗೆ ಅಲೆ ಕೊಟ್ಟಿರುವುದೂ ಇದಕ್ಕೇ.

ಆದರೆ ಮರಿಗೆಯ ಆಕಾರ ಬಿಗಿತಕ್ಕೆ ಮಾತ್ರ ಅಲ್ಲ. ಬ್ರಾಡ್‌ಗೇಜಿನ ಈ ಸ್ಲೀಪರಿನ ತೂಕ ಸುಮಾರು 81 ಕೆ.ಜಿ., ಕಾಂಕ್ರೀಟಿನದು ಅದರ ಮೂರು ಪಟ್ಟಿಗೂ ಹೆಚ್ಚು. ಕಾಂಕ್ರೀಟ್ ತನ್ನ ತೂಕದಿಂದಲೇ ಕದಲದೆ ಕೂರುತ್ತದೆ. ಉಕ್ಕಿನದು ಹಗುರ, ಹಾಗಾಗಿ ಜಲ್ಲಿಯನ್ನು ಹೊಟ್ಟೆಯೊಳಗೆ ತುಂಬಿಸಿಕೊಂಡು ಅದರ ತೂಕವನ್ನು ಸಾಲ ಪಡೆಯುತ್ತದೆ. ಎರಡೂ ತುದಿಗಳನ್ನು ಗುದ್ದಲಿಯ ಹಾಗೆ ಕೆಳಕ್ಕೆ ಬಗ್ಗಿಸಿರುತ್ತಾರೆ. ಪಕ್ಕಕ್ಕೆ ನೂಕಿದರೆ ಆ ತುದಿ ಜಲ್ಲಿಗೆ ಕಚ್ಚುತ್ತದೆ, ಒಳಗಿನ ಜಲ್ಲಿ ಹೊರಗಿನ ಜಲ್ಲಿಯ ಮೇಲೆ ಉಜ್ಜುತ್ತದೆ. ಕಲ್ಲಿಗೆ ಕಲ್ಲು ತಿಕ್ಕುವ ಘರ್ಷಣೆ ಕಲ್ಲಿಗೆ ಉಕ್ಕು ತಿಕ್ಕುವುದಕ್ಕಿಂತ ಹೆಚ್ಚು. ಇಲ್ಲಿಯೇ ಇದರ ದೌರ್ಬಲ್ಯವೂ ಇದೆ. ಹೊಟ್ಟೆ ಸರಿಯಾಗಿ ತುಂಬದಿದ್ದರೆ ಒಳಗೆ ಟೊಳ್ಳು ಉಳಿದು, ಪ್ರತಿ ಗಾಲಿಗೂ ಸ್ಲೀಪರ್ ಕುಣಿಯುತ್ತದೆ. ಹೊಸದಾಗಿ ಹಾಕಿದ ಉಕ್ಕಿನ ಸ್ಲೀಪರನ್ನು ಮರಳಿ ಮರಳಿ ಪ್ಯಾಕ್ ಮಾಡುವುದು (ಕೆಳಗೆ ಜಲ್ಲಿ ಗಿಡಿದು ತುಂಬುವುದು) ಇದೇ ಕಾರಣಕ್ಕೆ.

ಜರ್ಮನಿಯಲ್ಲಿ ಇದೇ ಸಮಸ್ಯೆಗೆ ಬೇರೆ ಉತ್ತರ ಹುಡುಕಿದರು. ಬಾಗಿಸಿದ ಉಕ್ಕಿನ ತೊಲೆಗಳಿಂದ Y ಆಕಾರದ ಸ್ಲೀಪರ್ ಮಾಡಿ, ಕವಲುಗಳ ನಡುವೆ ಜಲ್ಲಿಯನ್ನು ಸಿಕ್ಕಿಸಿಟ್ಟರು. ಮರಿಗೆಯ ಬದಲು ಇಕ್ಕಳ!

ಇನ್ನು ಹಳಿ ಕೂರುವ ಜಾಗ. ಹಳೆಯ ವಿನ್ಯಾಸದಲ್ಲಿ ತಗಡನ್ನೇ ಸೀಳಿ ಮೇಲಕ್ಕೆ ಎಬ್ಬಿಸಿ ದವಡೆಗಳನ್ನು ಮಾಡುತ್ತಿದ್ದರು. ಬಿಡಿಭಾಗ ಕಡಿಮೆ, ಆದರೆ ಅತಿ ಹೆಚ್ಚು ಭಾರ ಬೀಳುವ ಜಾಗದಲ್ಲೇ ಸೀಳು. ಸೀಳಿನ ಮೂಲೆಯಲ್ಲಿ ಒತ್ತಡ ಗುಡ್ಡೆಯಾಗಿ, ರೈಲುಗಳು ಓಡುತ್ತಾ ಓಡುತ್ತಾ ಬಿರುಕು ಹುಟ್ಟುತ್ತಿತ್ತು. ದವಡೆ ಸವೆದರೆ ಇಡೀ ಸ್ಲೀಪರೇ ಗುಜರಿಗೆ. ಹಾಗಾಗಿ ತಗಡಿಗೆ ರಂಧ್ರ ಕೊರೆದು ಬೇರೆ ದವಡೆಯನ್ನು ತೂರಿಸುವ ಲೂಸ್ ಜಾ ವಿಧಾನ ಬಂತು. ‘ಲೂಸ್’ ಅಂದರೆ ಇಲ್ಲಿ ಸಡಿಲ ಅಲ್ಲ, ಬಿಡಿ. ಸವೆದದ್ದನ್ನು ತೆಗೆದು ಹೊಸದು ಹಾಕಬಹುದು.

ಸಿ.ಎಸ್.ಟಿ.-9 ಎಂಬ ಬೀಡುಕಬ್ಬಿಣದ ಸ್ಲೀಪರಿನ ಬಗ್ಗೆ ಒಂದು ಮಾತು. ಸೆಂಟ್ರಲ್ ಸ್ಟ್ಯಾಂಡರ್ಡ್ ಟ್ರಯಲ್‌ನ ಒಂಬತ್ತನೆಯ ಮಾದರಿ ಎಂದು ಹೆಸರೇ ಹೇಳುತ್ತದೆ. ಪಾಟ್, ಪ್ಲೇಟ್, ಬಾಕ್ಸ್ ಎಂಬ ಮೂರು ಬಗೆಯ ಸ್ಲೀಪರುಗಳ ಕಲಬೆರಕೆ. ಎರಡು ಬೀಡುಕಬ್ಬಿಣದ ಪ್ಲೇಟುಗಳು, ನಡುವೆ ಎರಡನ್ನೂ ಜೋಡಿಸುವ ಟೈ ಬಾರ್ ಎಂಬ ಸಲಾಕೆ, ಅದನ್ನು ಬಿಗಿಯಲು ನಾಲ್ಕು ಕಾಟರ್, ಅಂದರೆ ಸಣ್ಣ ಬೆಣೆಗಳು. ಗೇಜ್ ಹೊಂದಿಸಬೇಕಾದರೆ ಕಾಟರ್ ಬದಲಿಸಿದರಾಯಿತು. ನನ್ನ ಮಟ್ಟಿಗೆ ಇದು ಜಾಣ ವಿನ್ಯಾಸ, ತಪ್ಪು ಲೋಹ. ಬೀಡುಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಗಾಡಿ ಹಳಿ ತಪ್ಪಿದರೆ ಸಾಲು ಸಾಲಾಗಿ ಚೂರು.

ಬೆಣೆ ಸೋತದ್ದು ಎಲ್ಲಿ?

ಕೊಡಲಿಯ ಕಾವಿಗೆ ಬೆಣೆ ಹೊಡೆದು ಗೊತ್ತಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹೊಡೆದ ದಿನ ಕಲ್ಲಿನಂತೆ ಕೂರುತ್ತದೆ. ಬೇಸಿಗೆಯಲ್ಲಿ ಕಾವು ಒಣಗಿ ಕೂದಲೆಳೆಯಷ್ಟು ಕುಗ್ಗಿದರೂ ಕೊಡಲಿ ಗಡಗಡ. ಕುಗ್ಗಿದ್ದು ಅಷ್ಟೇ ಅಷ್ಟು, ಹಿಡಿತ ಮಾತ್ರ ಪೂರ್ತಿ ಹೋಯಿತು.

ಹಳಿಯ ಕೀ ಕೂಡ ಹಾಗೆಯೇ. ಅದರ ಓರೆ 32ಕ್ಕೆ 1. ಅಂದರೆ 32 ಮಿ.ಮೀ. ಒಳಗೆ ಬಡಿದರೆ 1 ಮಿ.ಮೀ. ಬಿಗಿ. ಇಷ್ಟು ಕಡಿಮೆ ಓರೆ ಇರುವುದರಿಂದ ಘರ್ಷಣೆಯೇ ಕೀಯನ್ನು ತಡೆದು ನಿಲ್ಲಿಸುತ್ತದೆ, ತಾನಾಗಿ ಹಿಂದಕ್ಕೆ ಜಾರಬಾರದು. ಜೋಡಿ ಮಾರ್ಗದಲ್ಲಿ ಕೀಯನ್ನು ಗಾಡಿ ಓಡುವ ದಿಕ್ಕಿಗೇ ಬಡಿಯುವುದರಲ್ಲೂ ಜಾಣ್ಮೆ ಇದೆ. ಹಳಿ ತೆವಳುವುದು ಸಾಮಾನ್ಯವಾಗಿ ಅದೇ ದಿಕ್ಕಿಗೆ, ತೆವಳುವಾಗ ಕೀಯನ್ನೂ ಎಳೆದು ಇನ್ನಷ್ಟು ಬಿಗಿ ಮಾಡುತ್ತದೆ. ಕಾಗದದ ಮೇಲೆ ಎಲ್ಲ ಸರಿ. ಆದರೆ ಗಾಡಿ ಹೋಗುವಾಗ ಹಳಿ ನಡುಗುತ್ತದೆ, ಆ ನಡುಕದ ಒಂದೊಂದು ಕ್ಷಣದಲ್ಲಿ ಘರ್ಷಣೆ ಕಳಚುತ್ತದೆ. ಕೀ ಮತ್ತು ದವಡೆ ಎರಡೂ ಗಟ್ಟಿ ಲೋಹ, ಎರಡಕ್ಕೂ ಹಿಗ್ಗಿ ಕುಗ್ಗುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಅರ್ಧ ಮಿ.ಮೀ. ಸವೆದರೂ ಒತ್ತಡ ಸೊನ್ನೆಗೆ ಬರಬಹುದು. ಮತ್ತೆ ಬಡಿದರೆ ಬಿಗಿಯಾಗುತ್ತದೆ, ಜೊತೆಗೆ ಪ್ರತಿ ಪೆಟ್ಟಿಗೂ ದವಡೆ ಸವೆಯುತ್ತದೆ. ಕೀಮನ್ ಎಷ್ಟು ಶ್ರದ್ಧೆಯಿಂದ ಬಡಿದರೆ ಅಷ್ಟು ಬೇಗ ಸ್ಲೀಪರ್ ಹಾಳು.

1950ರ ದಶಕದ ಕೊನೆಗೆ ನಾರ್ವೆಯ ಎಂಜಿನಿಯರ್ ಪೆರ್ ಪಾಂಡೆ-ರೋಲ್ಫ್‌ಸೆನ್ ಸರಳನ್ನು ಸುರುಳಿ ಬಗ್ಗಿಸಿ ಒಂದು ಸ್ಪ್ರಿಂಗ್ ಕ್ಲಿಪ್ ಮಾಡಿದರು. ಅವರ ಹೆಸರಿನಿಂದಲೇ ಪ್ಯಾಂಡ್ರಾಲ್ ಎಂಬ ಪದ ಬಂತು. ಹಳಿಯ ಪಕ್ಕದಲ್ಲಿ ಬಾಗಿಸಿಟ್ಟ ದಪ್ಪ ಸರಳಿನ ಹಾಗೆ ಕಾಣುತ್ತದಲ್ಲ, ಅದೇ. ನಮ್ಮಲ್ಲಿ ಇ.ಆರ್.ಸಿ. (ಎಲಾಸ್ಟಿಕ್ ರೈಲ್ ಕ್ಲಿಪ್) ಎನ್ನುತ್ತಾರೆ. ಸಿಲಿಕೋ-ಮ್ಯಾಂಗನೀಸ್ ಸ್ಪ್ರಿಂಗ್ ಉಕ್ಕಿನ 20.6 ಮಿ.ಮೀ. ವ್ಯಾಸದ ಸರಳು. ಮಾರ್ಕ್-3 ಮಾದರಿ 13.5 ಮಿ.ಮೀ. ಬಾಗಿದಾಗ ಹಳಿಯ ಪಾದವನ್ನು 850ರಿಂದ 1100 ಕೆ.ಜಿ. ಬಲದಿಂದ ಒತ್ತುತ್ತದೆ.

ಈ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಬೇಡಿ, ಭಾಗಿಸಿ ನೋಡಿ. ಸರಾಸರಿ 975ನ್ನು 13.5ರಿಂದ ಭಾಗಿಸಿದರೆ ಮಿಲಿಮೀಟರಿಗೆ ಸುಮಾರು 72 ಕೆ.ಜಿ. ಹಳಿಯ ಕೆಳಗಿನ ಪ್ಯಾಡ್ ಮತ್ತು ಕ್ಲಿಪ್ಪಿನ ಕೆಳಗಿನ ಲೈನರ್ ಸೇರಿ ಪೂರ್ತಿ 1 ಮಿ.ಮೀ. ಸವೆದರೂ 975ರಲ್ಲಿ 72 ಮಾತ್ರ ಖರ್ಚು, 900 ಇನ್ನೂ ಕೈಯಲ್ಲಿದೆ. ಬೆಣೆ ಅರ್ಧ ಮಿಲಿಮೀಟರಿಗೆ ಸೋತ ಕಡೆ ಸ್ಪ್ರಿಂಗ್ ಸವಕಳಿಯ ಬೆನ್ನು ಹತ್ತಿ ಹೋಗುತ್ತದೆ. ಹಳಿ ತುಸು ಎದ್ದರೂ ಕ್ಲಿಪ್ಪಿನ ಮೂತಿ ಅದರ ಜೊತೆಗೇ ಏಳುತ್ತದೆ, ಬಿಟ್ಟುಕೊಡುವುದಿಲ್ಲ. ಉಕ್ಕಿನ ಸ್ಲೀಪರಿಗೂ ದವಡೆ ಬದಲಿಸಿ ಈ ಕ್ಲಿಪ್ ಹಾಕಬಹುದು.

ತೆವಳುವ ಹಳಿಗೂ ಇದೇ ಮದ್ದು. 60 ಕೆ.ಜಿ. ಹಳಿಯ ಅಡ್ಡಕೊಯ್ತ 76.86 ಚ.ಸೆಂ.ಮೀ. ಹಿಗ್ಗಲು ಬಿಡದೆ ಹಿಡಿದರೆ ಒಂದು ಡಿಗ್ರಿಗೆ ಸುಮಾರು 1.9 ಟನ್ ಬಲ ಹುಟ್ಟುತ್ತದೆ. ಹಳಿಯ ಬಿಸಿ ಅದನ್ನು ಬಿಗಿದ ದಿನಕ್ಕಿಂತ 30 ಡಿಗ್ರಿ ಏರಿದರೆ 57 ಟನ್! ರಾಯಚೂರಿನ ಕಡೆಯ ಬೇಸಿಗೆ ಮಧ್ಯಾಹ್ನ ಇದು ಉತ್ಪ್ರೇಕ್ಷೆಯಲ್ಲ. ಯಾವ ಒಂದು ಸ್ಲೀಪರೂ ಇದನ್ನು ಹೊರಲಾರದು, ನೂರಾರು ಹಂಚಿಕೊಳ್ಳಬೇಕು. ಪ್ರತಿ ಸ್ಲೀಪರಿನಲ್ಲಿ ಒಂದು ಹಳಿಗೆ ಎರಡು ಕ್ಲಿಪ್, ಒತ್ತಡ ಸುಮಾರು 2 ಟನ್. ಘರ್ಷಣಾಂಕ 0.3 ಎಂದುಕೊಂಡರೆ ಪಾದದ ಕೆಳಮೈಯಲ್ಲಿ 0.6, ಮೇಲ್ಮೈಯಲ್ಲಿ 0.6, ಒಟ್ಟು 1.2 ಟನ್ ತಡೆ. ಇಲ್ಲಿನ ನಿಯಮ ಇಷ್ಟು: ಸ್ಲೀಪರ್ ಜಲ್ಲಿಯಲ್ಲಿ ಸರಿಯುವ ಮೊದಲು ಹಳಿ ಸ್ಲೀಪರಿನೊಳಗೆ ಜಾರಬಾರದು. ಕೀ ಸಡಿಲಾದ ಹಳಿ ಮೊದಲು ಮಾಡುವುದು ಅದನ್ನೇ.

ಕರೆಂಟಿನ ತೊಡಕು

ಇಷ್ಟೆಲ್ಲ ಗೆದ್ದ ಲೋಹದ ಸ್ಲೀಪರ್ ಎಡವಿದ್ದು ಸಿಗ್ನಲ್ ವಿಭಾಗದಲ್ಲಿ. ಹಳಿಯ ಮೇಲೆ ಗಾಡಿ ಇದೆಯೇ ಎಂದು ಪತ್ತೆ ಹಚ್ಚುವ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಎರಡು ಹಳಿಗಳ ನಡುವೆ ಸಣ್ಣ ವೋಲ್ಟೇಜ್ ಇರುತ್ತದೆ. ಗಾಡಿ ಬಂದರೆ ಗಾಲಿ-ಆಕ್ಸಲ್ ಎರಡನ್ನೂ ಜೋಡಿಸುತ್ತದೆ, ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಲೋಹದ ಸ್ಲೀಪರ್ ಗಾಡಿಯಿಲ್ಲದೆಯೇ ಆ ಕೆಲಸ ಮಾಡಿಬಿಡುತ್ತದೆ. ಅಪಾಯವೇನಿಲ್ಲ, ಆದರೆ ಗಾಡಿಯೂ ಓಡುವುದಿಲ್ಲ. ಕೆಳಗೆ ರಬ್ಬರ್ ಪ್ಯಾಡ್, ಕ್ಲಿಪ್ಪಿಗೂ ಪಾದಕ್ಕೂ ನಡುವೆ ಗಾಜಿನೆಳೆ ಬೆರೆಸಿದ ನೈಲಾನ್ ಲೈನರ್ ಇಡುವುದು ಇದಕ್ಕೇ. ಕಾಂಕ್ರೀಟಿಗೆ ಈ ತಲೆನೋವು ಅಷ್ಟಿಲ್ಲ. ಬಯಲಿನಲ್ಲಿ, ಅಂದರೆ ಸೇತುವೆ ಇಲ್ಲದ ಕಡೆ, ಅದು ಗೆಲ್ಲಲು ಇದೂ ಒಂದು ಕಾರಣ.

ಗರ್ಡರ್ ಸೇತುವೆಯ ಮೇಲೆ ಮಾತ್ರ ಕಥೆ ಬೇರೆ. ಅಲ್ಲಿ ಜಲ್ಲಿ ಇಲ್ಲ, ಭಾರದ ಕಾಂಕ್ರೀಟ್ ಒಗ್ಗುವುದಿಲ್ಲ, ಮರ ಸಿಗುವುದಿಲ್ಲ. ಹಾಗಾಗಿ ಚಾನೆಲ್ ಮತ್ತು ಎಚ್-ಬೀಮ್ ಉಕ್ಕಿನ ಸ್ಲೀಪರುಗಳನ್ನು ಹುಕ್ ಬೋಲ್ಟಿನಿಂದ ಗರ್ಡರಿಗೆ ಬಿಗಿಯುತ್ತಾರೆ. ಓದುವಾಗ ಒಂದು ಸೂಕ್ಷ್ಮ ಗಮನಿಸಿ. ಬಯಲಿನಲ್ಲಿ ಒಂದೇ ಸ್ಲೀಪರಿನ ಎಡ ಮತ್ತು ಬಲ ಎರಡೂ ಬದಿಯ ಇನ್ಸುಲೇಶನ್ ಕೆಟ್ಟರೆ ಮಾತ್ರ ಶಾರ್ಟ್. ಸೇತುವೆಯ ಮೇಲೆ ಸ್ಲೀಪರುಗಳೆಲ್ಲ ಗರ್ಡರಿನ ಮೂಲಕ ಒಂದಕ್ಕೊಂದು ತಾಗಿಕೊಂಡಿದ್ದರೆ, ಈ ತುದಿಯಲ್ಲಿ ಎಡಗಡೆಯ ಒಂದು ಲೈನರ್ ಒಡೆದು, ಆ ತುದಿಯಲ್ಲಿ ಬಲಗಡೆಯ ಇನ್ನೊಂದು ಒಡೆದರೂ ಸಾಕು.