ಬಾತು ಬೇಟೆಯ ದೋಣಿ ಎಷ್ಟು ತಗ್ಗಿರಬೇಕು?

ಮನೆಯಲ್ಲೇ ಕಟ್ಟಿದ ಬಾತು ದೋಣಿ ತೋರಿಸೋಕೆ ಯಾರೇ ಫೋನ್ ಮಾಡಲಿ, ಮೊದಲು ಕೇಳೋದು ಎಪಾಕ್ಸಿ ಬಗ್ಗೆ, ಅಂದ್ರೆ ಹಲಗೆಗಳನ್ನು ಬೆಸೆಯುವ ಅಂಟಿನ ಬಗ್ಗೆ. ಯಾವ ಬ್ರಾಂಡ್, ಎಷ್ಟು ಕೋಟ್, ಚಳಿಯಲ್ಲಿ ಗಟ್ಟಿಯಾಗುತ್ತಾ. ನಾನು ತಿರುಗಿ ಕೇಳೋದು ಒಂದೇ: ಹೊಡೆದ ಬಾತು ಹೆಕ್ಕಿ ತರೋ ನಿಮ್ಮ ನಾಯಿ ಎಷ್ಟು ಕೆಜಿ? ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

ನಾನು ನ್ಯೂಜೆರ್ಸಿ ಕಡಲಂಚಿನಲ್ಲಿ ಸಣ್ಣ ದೋಣಿಗಳ ವಿನ್ಯಾಸ, ತಪಾಸಣೆ ಮಾಡುವವನು. ಬಂದೂಕು ಹಿಡಿದವನಲ್ಲ. ಊರಿನ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕೆರೆಗೆ ಬರುವ ಕಾಡುಬಾತು ಹೊಡೆದರೆ ಕೇಸು. ಇಲ್ಲಿ ಅಮೆರಿಕದಲ್ಲಿ ಲೈಸೆನ್ಸ್ ತಗೊಂಡು, ಕೇಂದ್ರ ಸರ್ಕಾರದ ಬಾತು ಬೇಟೆ ಚೀಟಿಯಾದ ಫೆಡರಲ್ ಡಕ್ ಸ್ಟಾಂಪ್ ಕೊಂಡು, ಸೀಸನ್ ಬಂದಾಗ ಮಾಡುವ ಕೆಲಸ ಅದು. 1934ರಿಂದ ಇರುವ ಈ ಸ್ಟಾಂಪಿನ ದುಡ್ಡು ಜೌಗು ನೆಲ ಉಳಿಸೋದಕ್ಕೆ ಹೋಗುತ್ತದೆ. ಬೇಟೆ ಸರಿಯೋ ತಪ್ಪೋ ಅನ್ನೋ ವಾದ ಇನ್ನೊಮ್ಮೆ ಮಾಡೋಣ. ದೋಣಿ ಹತ್ತಿದವರು ವಾಪಸ್ ದಡಕ್ಕೆ ಬರಬೇಕು, ನನ್ನ ಕೆಲಸ ಅಷ್ಟೇ.

ಬಾತಿನ ಕಣ್ಣು ಬಹಳ ಚುರುಕು. ಹಾಗಾಗಿ ಈ ದೋಣಿ ತಗ್ಗಾಗಿರಬೇಕು, ಮಂಕಾಗಿರಬೇಕು, ಜೊಂಡಿನ ಮಧ್ಯೆ ಕಣ್ಣಿಗೆ ಬೀಳಬಾರದು. ತಗ್ಗಾದಷ್ಟೂ ನೀರು ಒಳಗೆ ಬರೋದು ಸುಲಭ. ಇದಕ್ಕೆ ನಮ್ಮ ಪಕ್ಕದ ಬಾರ್ನೆಗಾಟ್ ಕೊಲ್ಲಿಯಲ್ಲಿ ಹಳೇ ಉತ್ತರ ಒಂದಿದೆ. 1836ರಲ್ಲಿ ವೆಸ್ಟ್ ಕ್ರೀಕ್ ಊರಿನ ಹೇಜಲ್‌ಟನ್ ಸೀಮನ್ ಕಟ್ಟಿದ ಸ್ನೀಕ್‌ಬಾಕ್ಸ್. ಸುಮಾರು 12 ಅಡಿ ಉದ್ದ, 4 ಅಡಿ ಅಗಲ, ಮೂತಿ ಚಮಚದ ಹಾಗೆ. ಮೇಲೆಲ್ಲ ಡೆಕ್ ಮುಚ್ಚಿ, ನಡುವೆ ಒಬ್ಬ ಮನುಷ್ಯ ಇಳಿದು ಮಲಗುವಷ್ಟು ಮಾತ್ರ ಬಾಯಿ ಬಿಟ್ಟಿರುತ್ತಾರೆ. ಅಲೆ ಬಂದರೆ ಆ ಉಬ್ಬು ಡೆಕ್ ಮೇಲೆ ಹತ್ತಿ, ಅತ್ತ ಕಡೆ ಇಳಿದು ಹೋಗುತ್ತದೆ. ಈಗ ಗ್ಯಾರೇಜಿನಲ್ಲಿ ಕಟ್ಟುವವರು ತಗ್ಗನ್ನು ಇಟ್ಟುಕೊಂಡು ಡೆಕ್ ಕೈಬಿಡುತ್ತಾರೆ, ಯಾಕಂದ್ರೆ ಡೆಕ್ ಕೂರಿಸೋದು ರಗಳೆ. ತೆರೆದ ದೋಣಿಯೇ ಬೇಕು ಅಂತಿದ್ದರೆ ಬದಿ ಎತ್ತರ ಮಾಡಿ, ಹುಲ್ಲಿನ ಚೌಕಟ್ಟು ಕಟ್ಟಿ ಮರೆ ಮಾಡಿಕೊಳ್ಳಿ. ಭಾರ ತುಂಬಿ ಇನ್ನೂ ತಗ್ಗಿಸೋಣ ಅನ್ನೋ ಐಡಿಯಾ ಬೇಡ. ಬೇಟೆಗಾರನನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಅಡಗಿಸುವ ಸಿಂಕ್‌ಬಾಕ್ಸ್‌ಗೆ ಇಲ್ಲಿ ಫೆಡರಲ್ ನಿಷೇಧವೇ ಇದೆ.

ಕಟ್ಟುವ ವಿಷಯ ಬೇಗ ಮುಗಿಸುತ್ತೇನೆ, ಒಳ್ಳೆ ನಕ್ಷೆಗಳು ಬೇಕಾದಷ್ಟು ಸಿಗುತ್ತವೆ. 6 ಎಂಎಂ ಮರೀನ್ ಪ್ಲೈವುಡ್ ಕುಯ್ದು, ಅಂಚಿಗೆ ತೂತು ಕೊರೆದು, ತಾಮ್ರದ ತಂತಿ ಇಲ್ಲವೇ ಜಿಪ್ ಟೈ ಹಾಕಿ ಹೊಲಿದು, ಒಳಮೂಲೆಗೆ ಮರದ ಪುಡಿ ಕಲಸಿದ ಎಪಾಕ್ಸಿ ಮೆತ್ತಿ, ಅದರ ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸೋದು, ಇಷ್ಟೇ ವಿಧಾನ. ಬೇಗ ಗಟ್ಟಿಯಾಗಲಿ ಅಂತ ಎಪಾಕ್ಸಿಗೆ ಕಲಸುವ ಹಾರ್ಡನರ್ ಜಾಸ್ತಿ ಸುರಿಯಬೇಡಿ, ಅದು ಅಂಟಂಟಾಗಿಯೇ ಉಳಿಯುತ್ತದೆ. ಕಲಸಿದ್ದನ್ನು ಆಳದ ಕಪ್ಪಿನಲ್ಲಿ ಬಿಟ್ಟರೆ ತಾನೇ ಬಿಸಿಯೇರಿ ಹೊಗೆಯಾಡುತ್ತದೆ, ಅಗಲವಾದ ಟ್ರೇಗೆ ಹುಯ್ದುಕೊಳ್ಳಿ. ಗ್ಲೌಸ್ ಹಾಕದೆ ಮುಟ್ಟಬೇಡಿ. ಬಿಸಿಲು ಎಪಾಕ್ಸಿಯನ್ನು ಹಾಳು ಮಾಡುತ್ತದೆ, ಮೇಲೆ ಮಂಕು ಬಣ್ಣದ ಪೇಂಟ್ ಬೇಕೇ ಬೇಕು.

ಒಂದು ಜಾಗದಲ್ಲಿ ಮಾತ್ರ ಅವಸರ ಮಾಡಬೇಡಿ. ಹುಲ್ಲಿನ ಚೌಕಟ್ಟಿಗೆ, ಹುಟ್ಟಿನ ಕೊಂಡಿಗೆ, ನಾಯಿಯ ಮೆಟ್ಟಿಲಿಗೆ ಅಂತ ಕೊನೆಗೆ ಸ್ಕ್ರೂ ಹೊಡೆಯುತ್ತೀರಲ್ಲ, ಅಲ್ಲಿ. ಮೊದಲು ಸ್ಕ್ರೂಗಿಂತ ದಪ್ಪ ತೂತು ಕೊರೆಯಿರಿ. ಅದಕ್ಕೆ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದು ಆಮೇಲೆ ಸ್ಕ್ರೂ ಹಾಕಿ. ಆಗ ಸ್ಕ್ರೂ ಕಚ್ಚೋದು ಎಪಾಕ್ಸಿಗೆ, ಮರಕ್ಕೆ ಅಲ್ಲ. ಹಾಗೆ ಮಾಡದ ದೋಣಿಗಳಲ್ಲಿ ಸ್ಕ್ರೂ ಸುತ್ತ ಪೇಂಟ್ ಉಬ್ಬಿರುತ್ತದೆ, ಚಾಕುವಿನ ತುದಿ ಒತ್ತಿದರೆ ಒಳಗೆ ಇಳಿಯುತ್ತದೆ. ಒಕುಮೆ ಅನ್ನೋ ಮರದ ಪ್ಲೈವುಡ್ ಹಗುರ, ಅದಕ್ಕೇ ಎಲ್ಲರಿಗೂ ಇಷ್ಟ, ಆದರೆ ನೀರು ಹೊಕ್ಕಿತು ಅಂದ್ರೆ ಬಹಳ ಬೇಗ ಕೊಳೆಯುತ್ತದೆ.

ಈಗ ನಾಯಿಯ ತೂಕಕ್ಕೆ ಬರೋಣ. ದೋಣಿ 3.6 ಮೀಟರ್ ಉದ್ದ, 1.2 ಮೀಟರ್ ಅಗಲ ಅಂದುಕೊಳ್ಳಿ. ಮೂತಿ ಕಿರಿದಾಗಿದ್ದನ್ನು ಕಳೆದರೆ ನೀರಿನ ಮೇಲೆ ಅದು ಹಿಡಿಯುವ ಜಾಗ ಸುಮಾರು 3.1 ಚದರ ಮೀಟರ್. ಒಂದು ಚದರ ಮೀಟರ್ ಒಂದು ಸೆಂಟಿಮೀಟರ್ ಇಳಿಯಬೇಕಾದರೆ 10 ಕೆಜಿ ಬೇಕು. ಅಂದ್ರೆ ನೀವು ಹೇರುವ ಪ್ರತಿ 31 ಕೆಜಿಗೆ ದೋಣಿ ಒಂದು ಸೆಂಟಿಮೀಟರ್ ತಗ್ಗುತ್ತದೆ. ಬೇಟೆಗಾರ 85, ಅವನ ವೇಡರ್ (ಎದೆವರೆಗೆ ಬರುವ, ನೀರು ತಡೆಯುವ ಬೂಟುಪ್ಯಾಂಟು) ಮತ್ತು ಚಳಿಬಟ್ಟೆ 10, ಲ್ಯಾಬ್ರಡಾರ್ 32, 5 ಎಚ್‌ಪಿ ಫೋರ್ ಸ್ಟ್ರೋಕ್ ಮೋಟಾರ್ 27, ಪೆಟ್ರೋಲ್ ಕ್ಯಾನ್ 10, ದಾರ ಮತ್ತು ತೂಕದ ಗುಂಡುಗಳ ಸಮೇತ ಎರಡು ಡಜನ್ ಡಿಕಾಯ್ (ನಿಜ ಬಾತುಗಳನ್ನು ಸೆಳೆಯುವ ನಕಲಿ) ಬಾತು 15, ಬಂದೂಕು ತೋಟಾ 6, ಲಂಗರು ಹಗ್ಗ 5, ಹುಲ್ಲು ಕಟ್ಟಿದ ಚೌಕಟ್ಟು 15. ಒಟ್ಟು 205. ಬರೀ ಆರೂವರೆ ಸೆಂಟಿಮೀಟರ್, ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ?

ಅದು ಭಾರ ಸಮನಾಗಿ ಹರಡಿದ್ದರೆ ಬರುವ ಲೆಕ್ಕ. ನಿಜದಲ್ಲಿ ಮೋಟಾರ್ ಹಿಂದೆ, ಅದನ್ನು ಹಿಡಿದವನು ಹಿಂದೆ, ಪೆಟ್ರೋಲ್ ಅವನ ಕಾಲ ಬಳಿ. 205ರಲ್ಲಿ 132 ಕೆಜಿ ಹಿಂಬದಿಯಲ್ಲೇ ಕೂತಿದೆ. ಮೂತಿ ಮೇಲೇಳುತ್ತದೆ, ಹಿಂದಿನ ಹಲಗೆ ಇಳಿಯುತ್ತದೆ. ಕಾಲು ಗಿಡ್ಡ ಇರುವ ಶಾರ್ಟ್ ಶಾಫ್ಟ್ ಮೋಟಾರಿಗೆ ಅಂತ ಆ ಹಲಗೆಯನ್ನು 15 ಇಂಚಿಗೆ, ಅಂದ್ರೆ 38 ಸೆಂಟಿಮೀಟರಿಗೆ ಕತ್ತರಿಸಿರುತ್ತಾರೆ. ಅದರಲ್ಲಿ ಅರ್ಧ ನೀರೊಳಗೆ ಹೋದರೆ ಉಳಿಯೋದು ಒಂದು ಗೇಣೂ ಇಲ್ಲ. ಆಮೇಲೆ ಜೋರಾಗಿ ಹೋಗುತ್ತಿದ್ದವನು ಜೊಂಡು ಕಂಡು ಥಟ್ಟನೆ ಥ್ರಾಟಲ್ ಬಿಡುತ್ತಾನೆ. ದೋಣಿ ನಿಲ್ಲುತ್ತದೆ, ಹಿಂದೆ ಬರುತ್ತಿದ್ದ ಅದರದ್ದೇ ಅಲೆ ನಿಲ್ಲಲ್ಲ, ಹಲಗೆ ದಾಟಿ ಮಡಿಲಿಗೆ ಬಂದು ಬೀಳುತ್ತದೆ. ಒಳಗೆ ಬಂದ ನೀರು ಸುಮ್ನೆ ಇರಲ್ಲ, ದೋಣಿ ಯಾವ ಕಡೆ ವಾಲುತ್ತೋ ಆ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ.

ಪರಿಹಾರಕ್ಕೆ ದುಡ್ಡೇನೂ ಬೇಡ. ಪೆಟ್ರೋಲ್ ಕ್ಯಾನನ್ನು ಮುಂದಕ್ಕೆ ತಳ್ಳಿ ಉದ್ದ ಪೈಪ್ ಹಾಕಿ. ಮೋಟಾರ್ ತಿರುಗಿಸುವ ಟಿಲ್ಲರ್‌ಗೆ ಉದ್ದ ಹಿಡಿ ಕೂರಿಸಿ ನೀವೂ ನಡುವಿಗೆ ಬನ್ನಿ. ಡಿಕಾಯ್ ಚೀಲ ಮೂತಿಗೆ. ತುಂಬಿದ ದೋಣಿಯಲ್ಲಿ ಅತಿ ತಗ್ಗಿನ ತೆರೆದ ಅಂಚು ನೀರಿಗಿಂತ 20 ಸೆಂಟಿಮೀಟರ್ ಮೇಲಿರಬೇಕು, ಅದೂ ಗಾಳಿಗೆ ಮರೆಯಿರುವ ನೀರಿನಲ್ಲಿ. ಅದಕ್ಕೆ ಕಡಿಮೆ ಇದ್ದರೆ ನಾನು ಒಪ್ಪಲ್ಲ. ಇಲ್ಲಿ ಜನ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸಿ ಎಷ್ಟು ಜನ ಕೂರಬಹುದು ಅಂತ ಹೇಳುತ್ತಾರೆ. 12 ಅಡಿಗೆ 4 ಅಡಿ ಅಂದ್ರೆ ಮೂರು ಜನ. ಸಾಕಷ್ಟು ಎತ್ತರದ ಬದಿಯಿರುವ ದೋಣಿಗೆ ಆ ಸೂತ್ರ ನಡೆಯುತ್ತದೆ. ಬಾತು ದೋಣಿಗೆ ಮೂವರು ಹತ್ತಿದರೆ ದೇವರೇ ಗತಿ.

ಫೋಮ್ ಹಾಕೋದು ಕಡ್ಡಾಯ ಅಂತಲೇ ಇಟ್ಟುಕೊಳ್ಳಿ. ಮರ ತೇಲುತ್ತದೆ, ಮೋಟಾರ್ ತೇಲಲ್ಲ. ಒಂದು ಲೀಟರ್ ಫೋಮ್ ಹೆಚ್ಚುಕಡಿಮೆ ಒಂದು ಕೆಜಿ ಎತ್ತುತ್ತದೆ, ಈ ಅಳತೆಯ ದೋಣಿಗೆ 70 ಲೀಟರಾದರೂ ಇರಲಿ. ತಳಕ್ಕೆ ಹಾಕಬೇಡಿ, ನೀರು ತುಂಬಿದಾಗ ದೋಣಿ ಮಗುಚಿಕೊಳ್ಳುತ್ತದೆ. ಬದಿಗಳಲ್ಲಿ ಮೇಲಕ್ಕೆ, ಮೋಟಾರ್ ಹತ್ತಿರ ಸ್ವಲ್ಪ ಜಾಸ್ತಿ. ಥರ್ಮೋಕೋಲ್ ಜಾತಿಯ ಫೋಮ್ ಪೆಟ್ರೋಲ್ ತಾಗಿದರೆ ಕರಗಿ ಹೋಗುತ್ತದೆ, ಅದನ್ನು ಮುಚ್ಚಿ ಸೀಲ್ ಮಾಡಿ.

ಮೋಟಾರ್ ಹಾಕಿದ ಮೇಲೆ ರಾಜ್ಯದ ಕಚೇರಿಯಲ್ಲಿ ನೋಂದಣಿ ಆಗಬೇಕು. ಮನೆಯಲ್ಲಿ ಕಟ್ಟಿದ ದೋಣಿಗೆ ಹಲ್ ನಂಬರನ್ನೂ (ದೋಣಿಯ ಗುರುತಿನ ಸಂಖ್ಯೆ) ಅವರೇ ಕೊಡುತ್ತಾರೆ, ಮರ ಮತ್ತು ಪ್ಲೈವುಡ್ ಬಿಲ್ಲುಗಳನ್ನು ಎಸೆಯಬೇಡಿ. ಬಾತು ಹೊಡೆಯಲು ಅನುಮತಿ ಇರೋದು ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ, ಹಾಗಾಗಿ ನೀವು ಹೊರಡೋದು ಕತ್ತಲಲ್ಲಿ. ದೀಪ ಇಲ್ಲದೆ ಹೋಗಬೇಡಿ.

ಮೊದಲ ಸಲ ನೀರಿಗೆ ಇಳಿಸೋದು ಮಾತ್ರ ಕತ್ತಲಲ್ಲಿ ಬೇಡ, ನವೆಂಬರಿನಲ್ಲೂ ಬೇಡ. ಸೆಪ್ಟೆಂಬರಿನ ಬಿಸಿಲಲ್ಲಿ, ಗಾಳಿ ಇಲ್ಲದ ದಿನ, ಸೊಂಟದ ಮಟ್ಟದ ನೀರಿನಲ್ಲಿ ಇಳಿಸಿ. ಪಕ್ಕದಲ್ಲಿ ಒಬ್ಬರಿರಲಿ, ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಳ್ಳಿ. ತಳದ ಬಿರಟೆ ಹಾಕಿದ್ದೀರಾ ನೋಡಿ, ನಗಬೇಡಿ, ಮರೆಯುವವರು ಬಹಳ. ಒಳಮೂಲೆಗಳಿಗೆ ಸೀಮೆಸುಣ್ಣದ ಪುಡಿ ಉದುರಿಸಿ, ಸೋರುವ ಕಡೆ ಪುಡಿ ಮೊದಲು ಒದ್ದೆಯಾಗಿ ಗೆರೆ ಕಾಣುತ್ತದೆ. ಆಮೇಲೆ 20 ಲೀಟರ್ ನೀರಿನ ಕ್ಯಾನುಗಳನ್ನು ಮನುಷ್ಯ, ನಾಯಿ, ಸಾಮಾನು ಇರುವ ಜಾಗಗಳಲ್ಲೇ ಇಟ್ಟು ಪೂರ್ತಿ ಭಾರ ಹೇರಿ. ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿ, ಹಿಂದಿನ ಹಲಗೆಯ ಹತ್ತಿರ ಅಳೆಯಿರಿ. ಕೊನೆಗೆ ನಿಜವಾದ ನಾಯಿಯನ್ನೇ ಕರೆಯಿರಿ. ಅದು ಒದ್ದೆ ಮೈಯಲ್ಲಿ ಒಂದೇ ಬದಿ ಹಿಡಿದು ಹತ್ತುವಾಗ ಅಂಚು ಎಷ್ಟು ಇಳಿಯುತ್ತೆ ಅನ್ನೋದು ಯಾವ ನಕ್ಷೆಯಲ್ಲೂ ಬರೆದಿರಲ್ಲ.

ಇಷ್ಟಾದ ಮೇಲೆ ಎಲ್ಲರೂ ಮನೆಗೆ ಹೊರಡುತ್ತಾರೆ. ಇನ್ನೊಂದು ಬಾಕಿ ಇದೆ. ಮೋಟಾರ್ ಬಿಚ್ಚಿಡಿ, ಅದರ ಜಾಗಕ್ಕೆ ಅಷ್ಟೇ ತೂಕದ ಕಬ್ಬಿಣ ಕಟ್ಟಿ, ಬಕೆಟ್ಟಿನಲ್ಲಿ ನೀರು ಹುಯ್ದು ದೋಣಿ ತುಂಬಿಸಿಬಿಡಿ. ಮಟ್ಟವಾಗಿ ತೇಲುತ್ತಾ, ಇಲ್ಲ ಹಿಂಬದಿ ತಳ ಸೇರುತ್ತಾ? ಅದನ್ನು ನೋಡಿಕೊಂಡು, ವೇಡರ್ ಹಾಕಿ ನೀರಿಗಿಳಿದು, ಮತ್ತೆ ಒಳಗೆ ಹತ್ತಲು ಪ್ರಯತ್ನಿಸಿ. ವೇಡರಿಗೆ ತುಂಬಿದ ನೀರು ನಿಮ್ಮನ್ನು ತಳಕ್ಕೆ ಎಳೆಯಲ್ಲ, ಅದು ಸುಳ್ಳು ಭಯ. ನೀರಿಂದ ಮೇಲೇಳುವಾಗ ಮಾತ್ರ ಅಷ್ಟೂ ನೀರನ್ನು ನೀವೇ ಎತ್ತಬೇಕು. ಇಲ್ಲಿ ತಣ್ಣೀರಿಗೆ 1-10-1 ಅಂತ ಹೇಳುತ್ತಾರೆ: ಉಸಿರು ಹತೋಟಿಗೆ ಬರೋಕೆ 1 ನಿಮಿಷ, ಕೈಕಾಲು ಹೇಳಿದಂತೆ ಕೇಳೋದು 10 ನಿಮಿಷ, ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಹತ್ತೋದಕ್ಕೆ ನಿಮಗಿರೋದು ಆ ನಡುವಿನ 10 ನಿಮಿಷ. ಬಿಸಿಲಲ್ಲೇ ಹತ್ತೋಕೆ ಆಗಲಿಲ್ಲ ಅಂದ್ರೆ ಹಿಂದಿನ ಹಲಗೆಗೆ ಕಾಲಿಡೋಕೆ ಒಂದು ಹಗ್ಗದ ಕುಣಿಕೆ ಕಟ್ಟಿ, ನೀರಿಗಿಂತ ಎರಡಡಿ ಕೆಳಗೆ ಇಳಿಯುವ ಹಾಗೆ, ಆಮೇಲೆ ಇನ್ನೊಂದು ಸಲ ಹತ್ತಿ ನೋಡಿ.