ಹದಿನೆಂಟೋ, ಇಪ್ಪತ್ತೇಳೋ? ಯುರೋಪಿಯನ್ ಆಯೋಗದ ಓದಿನಲ್ಲಿ ನಾನು ಎಡವಿದ ಜಾಗ

ಯುರೋಪಿಯನ್ ಆಯೋಗ ಏನು ಮಾಡುತ್ತದೆ ಎಂಬುದು ಐರೋಪ್ಯ ಒಕ್ಕೂಟದ ಒಪ್ಪಂದದ 17ನೇ ವಿಧಿಯಲ್ಲಿದೆ: ಕಾನೂನಿನ ಕರಡು ಮಂಡಿಸುವುದು, ಬಜೆಟ್ ಜಾರಿಗೊಳಿಸುವುದು, ಒಪ್ಪಂದಗಳ ಪಾಲನೆಯ ಮೇಲೆ ಕಣ್ಣಿಡುವುದು. ಇಷ್ಟು ಒಂದೇ ಓದಿಗೆ ದಕ್ಕುತ್ತದೆ. ಎರಡು ದಿನ ಕಾಡಿದ್ದು ಐದನೇ ಉಪವಿಧಿ.

2014ರ ನವೆಂಬರ್ 1ರಿಂದ ಆಯುಕ್ತರ ಸಂಖ್ಯೆ ಸದಸ್ಯ ರಾಷ್ಟ್ರಗಳ ಮೂರನೇ ಎರಡರಷ್ಟಿರಬೇಕು ಎನ್ನುತ್ತದೆ ಅದು. ಇಂದಿನ 27 ರಾಷ್ಟ್ರಗಳಿಗೆ 18 ಆಯುಕ್ತರಾಯಿತು. ಆದರೆ ಆಯೋಗದಲ್ಲಿರುವುದು ದೇಶಕ್ಕೊಬ್ಬರಂತೆ 27 ಮಂದಿ! ತಿದ್ದುಪಡಿಯಾಗಿರಬೇಕೆಂದು ಹುಡುಕಿದೆ, ಆಗಿಲ್ಲ. ಉತ್ತರ ಅದೇ ವಾಕ್ಯದ ಬಾಲದಲ್ಲಿದೆ. ಯುರೋಪಿಯನ್ ಕೌನ್ಸಿಲ್, ಅಂದರೆ ರಾಷ್ಟ್ರನಾಯಕರ ಕೂಟ, ಸರ್ವಾನುಮತದಿಂದ ಈ ಸಂಖ್ಯೆಯನ್ನು ಬದಲಿಸಬಹುದು. 2013ರಲ್ಲಿ ಬದಲಿಸಿತು.

ಕಾರಣ ಐರ್ಲೆಂಡ್. 2008ರ ಜೂನ್‌ನಲ್ಲಿ ಅಲ್ಲಿನ ಜನ, ಈ ಉಪವಿಧಿಯನ್ನು ತಂದ ಲಿಸ್ಬನ್ ಒಪ್ಪಂದವನ್ನು ತಿರಸ್ಕರಿಸಿದರು. ತಮ್ಮ ಆಯುಕ್ತ ಸ್ಥಾನ ಕೈತಪ್ಪುವ ಭಯವೂ ಅದರ ಹಿಂದಿತ್ತು. ದೇಶಕ್ಕೊಬ್ಬ ಆಯುಕ್ತರನ್ನು ಉಳಿಸುತ್ತೇವೆಂಬ ಭರವಸೆ ಸಿಕ್ಕ ಮೇಲೆ, 2009ರ ಅಕ್ಟೋಬರ್‌ನಲ್ಲಿ ಒಪ್ಪಿದರು.

ಇಲ್ಲಿ ನಿಧಾನವಾಗಿ ಓದಿ. ಲಿಸ್ಬನ್ ಬಿದ್ದುಹೋಗಿದ್ದರೆ ಆ ಸ್ಥಾನ ಭದ್ರವಾಗಿರುತ್ತಿತ್ತೇ? ನಾನು ಹೌದೆಂದುಕೊಂಡಿದ್ದೆ. ಅದು ತಪ್ಪು. ರಾಷ್ಟ್ರಗಳು 27 ಆದ ಮೇಲೆ ಆಯುಕ್ತರು ಅದಕ್ಕಿಂತ ಕಡಿಮೆ ಇರಬೇಕೆಂದು ಹಿಂದಿನ ನೈಸ್ ಒಪ್ಪಂದವೇ ಹೇಳಿತ್ತು. ಎಷ್ಟು ಕಡಿಮೆ ಎಂಬುದನ್ನಷ್ಟೇ ಮುಂದಕ್ಕೆ ಬಿಟ್ಟಿತ್ತು. ಕಡಿತದಿಂದ ಪಾರಾಗುವ ಬಾಗಿಲು ಇದ್ದದ್ದು ಲಿಸ್ಬನ್‌ನಲ್ಲಿ. ಅಂದರೆ ಸ್ಥಾನ ಉಳಿಯಬೇಕಾದರೆ ಲಿಸ್ಬನ್ ಗೆಲ್ಲಬೇಕಿತ್ತು. ಇದು ಹೊಳೆದಾಗ ಇಡೀ ಅಧ್ಯಾಯ ತಿಳಿಯಾಯಿತು.

ಆಯುಕ್ತರು ಯಾವ ಸರ್ಕಾರದ ಸೂಚನೆಯನ್ನೂ ಪಡೆಯಬಾರದೆಂದು ಮೂರನೇ ಉಪವಿಧಿ ಹೇಳುತ್ತದೆ. ಹಾಗಿದ್ದರೆ ‘ನಮ್ಮ ಆಯುಕ್ತ’ ಎಂಬ ಮಾತೇ ಸಲ್ಲದು ಎಂದು ವಾದಿಸಬಹುದು. ನನಗೆ ಸಣ್ಣ ದೇಶಗಳ ಆತಂಕವೇ ನ್ಯಾಯವೆನಿಸುತ್ತದೆ: ತಮ್ಮ ನೆಲದ ಕಷ್ಟ ಬಲ್ಲವರು ಒಬ್ಬರಾದರೂ ಆ ಮೇಜಿನ ಸುತ್ತ ಇರಬೇಕಲ್ಲ.

ಕರಡು ಮಂಡಿಸುವ ಹಕ್ಕು ಬಹುಮಟ್ಟಿಗೆ ಆಯೋಗದ್ದೇ. ಐರೋಪ್ಯ ಸಂಸತ್ತು ಕರಡು ತನ್ನಿರೆಂದು ಕೇಳಬಹುದು, ಅಷ್ಟೇ. ನಮ್ಮಲ್ಲಿರುವಂತೆ ಖಾಸಗಿ ಸದಸ್ಯರ ಮಸೂದೆ ಅಲ್ಲಿಲ್ಲ.

ಆಯೋಗದ ವಿರುದ್ಧ ಸಂಸತ್ತು ತರುವ ಅವಿಶ್ವಾಸಕ್ಕೆ ಚಲಾಯಿತ ಮತಗಳ ಮೂರನೇ ಎರಡರಷ್ಟು ಬೇಕು, ಅದು ಒಟ್ಟು ಸದಸ್ಯರ ಬಹುಮತವೂ ಆಗಿರಬೇಕು. ಗೆದ್ದರೆ ಇಡೀ ಆಯೋಗ ಹೋಗುತ್ತದೆ. ಒಬ್ಬರನ್ನೇ ಕಿತ್ತುಹಾಕಲು ಸಂಸತ್ತಿಗೆ ಬರುವುದಿಲ್ಲ. 1999ರ ಮಾರ್ಚ್‌ನಲ್ಲಿ ಸ್ವತಂತ್ರ ತಜ್ಞರ ವರದಿ ಬಂದಾಗ ಜಾಕ್ ಸಾಂಟೇರ್ ಅಧ್ಯಕ್ಷತೆಯ ಆಯೋಗ ಒಟ್ಟಾಗಿ ರಾಜೀನಾಮೆ ಕೊಟ್ಟಿತು. ಆಮೇಲೆ ಬಂದ ನೈಸ್ ಒಪ್ಪಂದದಲ್ಲಿ, ಸಹ ಆಯುಕ್ತರ ಒಪ್ಪಿಗೆಯಿದ್ದರೆ ಅಧ್ಯಕ್ಷರು ಒಬ್ಬ ಆಯುಕ್ತರ ರಾಜೀನಾಮೆ ಕೇಳಬಹುದೆಂದಾಯಿತು. ಲಿಸ್ಬನ್ ಆ ಒಪ್ಪಿಗೆಯ ಷರತ್ತನ್ನೂ ತೆಗೆಯಿತು.