ಸಣ್ಣ ಪಕ್ಷದಿಂದ ಯಾವಾಗಲೂ ಅದೇ ಒಂದು ಮುಖ ಯಾಕೆ?

ಪ್ರಶ್ನೆ: ನಮ್ಮ ರಾಣೆಬೆನ್ನೂರು ತಾಲೂಕಿನಲ್ಲಿ ಸಣ್ಣ ಪಕ್ಷಗಳ ಕಾರ್ಯಕರ್ತರು ವರ್ಷವಿಡೀ ಓಡಾಡುತ್ತಾರೆ. ಪೇಪರ್‌ನಲ್ಲಿ, ಟಿವಿಯಲ್ಲಿ ಮಾತ್ರ ಪಕ್ಷಕ್ಕೊಬ್ಬರೇ ಕಾಣುತ್ತಾರೆ. ಆ ಒಬ್ಬರನ್ನು ಆರಿಸುವವರು ಯಾರು?

ಉತ್ತರ: ಕೂತು ಆರಿಸುವವರು ಯಾರೂ ಇಲ್ಲ. ಸಂಜೆ ಪುಟ ಕಟ್ಟುವ ಹೊತ್ತಿಗೆ ಸುದ್ದಿಮನೆ ಕೇಳುವುದು ಒಂದೇ ಮಾತು: ಇವರಿಂದ ದೊಡ್ಡ ಪಕ್ಷಗಳ ಯಾವ ಲೆಕ್ಕ ಏರುಪೇರಾಗುತ್ತದೆ?

ಉದಾಹರಣೆ ನಿಮ್ಮ ಊರಲ್ಲೇ ಇದೆ. ಆಟೊರಿಕ್ಷಾ ಗುರುತಿನ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ (ಕೆಪಿಜೆಪಿ) ನೆನಪಿರಬೇಕಲ್ಲ? 2017ರ ಅಕ್ಟೋಬರ್‌ನಲ್ಲಿ ನಟ ಉಪೇಂದ್ರ ಅದರ ಮುಖವಾದಾಗ ಚಾನೆಲ್‌ಗಳೆಲ್ಲ ಬೆನ್ನುಬಿದ್ದವು. 2018ರ ಮಾರ್ಚ್‌ನಲ್ಲಿ ಅವರು ಹೊರಬಿದ್ದರು, ಕ್ಯಾಮೆರಾಗಳೂ ಅವರೊಟ್ಟಿಗೇ ಹೋದವು. ಮೇ 15ರಂದು ವಿಧಾನಸಭೆ ಚುನಾವಣೆಯ ಫಲಿತಾಂಶ ಬಂತು: ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಕೆಪಿಜೆಪಿಗೆ ದಕ್ಕಿದ್ದು 1. ಆ ಒಬ್ಬರೇ ರಾಣೆಬೆನ್ನೂರಿನಲ್ಲಿ ಆಗಿನ ಸ್ಪೀಕರ್ ಕೆ.ಬಿ. ಕೋಳಿವಾಡರನ್ನು ಸೋಲಿಸಿದ ಆರ್. ಶಂಕರ್. ಯಾರಿಗೂ ಬಹುಮತವಿಲ್ಲದ ವಿಧಾನಸಭೆಯಲ್ಲಿ ಆ ಒಂದು ತಲೆಯ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಒಮ್ಮೆ ಬಿಜೆಪಿಯವರ ಮಗ್ಗುಲಲ್ಲಿ, ಒಮ್ಮೆ ಕಾಂಗ್ರೆಸ್ ಪಾಳಯದಲ್ಲಿ ಕಂಡರು; ಜೂನ್‌ನಲ್ಲಿ ಮಂತ್ರಿಯೂ ಆದರು. ಆ ಪಕ್ಷದ ಪ್ರಣಾಳಿಕೆಯಲ್ಲಿ ಏನಿದೆ ಎಂದು ಯಾವುದಾದರೂ ಆಂಕರ್ ಕೇಳಿದ್ದು ನನಗಂತೂ ನೆನಪಿಲ್ಲ.

ಅಂದರೆ ಬೇರೆ ಕಡೆ ಗಳಿಸಿದ ಹೆಸರು ಬೇಕು, ಇಲ್ಲವೇ ಸರ್ಕಾರ ಅಲುಗಾಡಿಸುವ ಅಂಕಿ ಬೇಕು. ದೊಡ್ಡ ಪಕ್ಷದಿಂದ ಸಿಡಿದು ಬಂದಿದ್ದರಂತೂ ಮಾತೇ ಬೇಡ. 2012ರ ಡಿಸೆಂಬರ್ 9ರಂದು ಯಡಿಯೂರಪ್ಪನವರು ಹಾವೇರಿಯಲ್ಲಿ ತಮ್ಮ ಕರ್ನಾಟಕ ಜನತಾ ಪಕ್ಷದ (ಕೆಜೆಪಿ) ಸಮಾವೇಶ ನಡೆಸಿದಾಗ ಇಡೀ ರಾಜ್ಯದ ಮಾಧ್ಯಮ ಅಲ್ಲಿತ್ತು. ಹೆಸರಿಗೆ ಹೊಸ ಪಕ್ಷ, ಸುದ್ದಿಯಾದದ್ದು ಬಿಜೆಪಿಯ ಒಡಕು. ಮುಂದಿನ ವರ್ಷ ಆ ಪಕ್ಷದಿಂದ ಗೆದ್ದ 6 ಜನರಲ್ಲಿ ಹಿರೇಕೆರೂರಿನ ಯು.ಬಿ. ಬಣಕಾರರೂ ಇದ್ದರು. ಯಡಿಯೂರಪ್ಪನವರ ಮುಂದೆ ಉಳಿದವರಿಗೆ ಎಷ್ಟು ಬೆಳಕು ಸಿಕ್ಕಿತು ಎಂಬುದು ನಿಮಗೇ ಗೊತ್ತು. ಪಕ್ಷವೇ ಇಲ್ಲದಿದ್ದರೂ ನಡೆಯುತ್ತದೆ: 2024ರಲ್ಲಿ ಶಿರಹಟ್ಟಿಯ ಫಕೀರ ದಿಂಗಾಲೇಶ್ವರ ಸ್ವಾಮೀಜಿ ಧಾರವಾಡ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಪ್ರಲ್ಹಾದ ಜೋಶಿ ವಿರುದ್ಧ ಪಕ್ಷೇತರರಾಗಿ ನಾಮಪತ್ರ ಹಾಕಿದರು, ಹಿಂದಕ್ಕೂ ಪಡೆದರು. ಎರಡೂ ಮುಖಪುಟ ಸುದ್ದಿ. ಅದೇ ಕಣದಲ್ಲಿ ಕೊನೆತನಕ ಉಳಿದ ಸಣ್ಣಪುಟ್ಟ ಅಭ್ಯರ್ಥಿಗಳ ಹೆಸರು ಹೇಳಿ ನೋಡೋಣ!

ಹಾಗಾದರೆ ಮತ ಗೆಲ್ಲುವುದಕ್ಕೆ ಬೆಲೆಯಿಲ್ಲವೇ? ಇದೆ, ಆದರೆ ಸಮಯ ಕೂಡಿಬರಬೇಕು. 2021ರ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಚುನಾವಣೆಯಲ್ಲಿ 82 ವಾರ್ಡ್‌ಗಳ ಪೈಕಿ ಬಿಜೆಪಿ ಅರ್ಧವನ್ನೂ ಮುಟ್ಟದೆ 39 ಗೆದ್ದಿತು, ಕಾಂಗ್ರೆಸ್ 33. ಒವೈಸಿಯವರ ಎಐಎಂಐಎಂ ಪಕ್ಷ 3 ಗೆದ್ದಿತು, ಜೆಡಿಎಸ್ 1. ಎಣಿಕೆ ಮುಗಿದ ಸಂಜೆ ಆ 3 ಕೂಡ ಸುದ್ದಿಯೇ. ಚರಂಡಿ, ಕಸದ ದಿನನಿತ್ಯದ ಜಗಳದಲ್ಲಿ ಅಲ್ಲ.

ಇನ್ನು ಒಳಗಿನ ಮಾತು. ಜಿಲ್ಲಾ ಪುಟದಲ್ಲಿ ಜಾಗ ಕಮ್ಮಿ, ವರದಿಗಾರರು ಇನ್ನೂ ಕಮ್ಮಿ. ರಾತ್ರಿ ಎಂಟಕ್ಕೂ ಫೋನ್ ಎತ್ತುವ, ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸುವ, ಹೇಳಿದ್ದನ್ನು ಮರುದಿನ ಅಲ್ಲಗಳೆಯದ ವ್ಯಕ್ತಿಯ ನಂಬರ್ ಮಾತ್ರ ವರದಿಗಾರನ ಬಳಿ ಉಳಿಯುತ್ತದೆ. ಪಕ್ಷದಲ್ಲಿ ಅವನಿಗಿಂತ ದುಡಿದವರು ಹತ್ತು ಜನ ಇರಬಹುದು. ಬಹಳ ಕಡೆ ತಾಲೂಕು ವರದಿಗಾರರೇ ಜಾಹೀರಾತನ್ನೂ ತರಬೇಕಾಗುತ್ತದೆ. ದಸರಾ, ದೀಪಾವಳಿಗೆ ಶುಭಾಶಯದ ಜಾಹೀರಾತು ಕೊಡುವ ನಾಯಕನ ಪತ್ರಿಕಾ ಹೇಳಿಕೆ ಬೇಗ ಅಚ್ಚಾಗುವುದನ್ನು ಕಂಡರೆ ಆಶ್ಚರ್ಯಪಡಬೇಡಿ.

ಸರ್ಕಾರಿ ಮಾಧ್ಯಮದಲ್ಲಿ ಲೆಕ್ಕ ಬೇರೆ. ಚುನಾವಣೆಯಲ್ಲಿ ಆಕಾಶವಾಣಿ, ದೂರದರ್ಶನದ ಉಚಿತ ಪ್ರಸಾರ ಸಮಯ ಆಯೋಗದ ಮಾನ್ಯತೆಯಿರುವ ರಾಷ್ಟ್ರೀಯ ಮತ್ತು ರಾಜ್ಯ ಪಕ್ಷಗಳಿಗೆ ಮಾತ್ರ, ಎಲ್ಲರಿಗೂ ಸಮನಾಗಿ ಒಂದಿಷ್ಟು, ಅದರ ಮೇಲಿನದು ಹಿಂದಿನ ಚುನಾವಣೆಯ ಸಾಧನೆ ನೋಡಿ ಹಂಚಿಕೆ. ಬರೀ ನೋಂದಣಿ ಮಾಡಿಸಿಕೊಂಡ ಪಕ್ಷಕ್ಕೆ ಅಲ್ಲಿ ಒಂದು ನಿಮಿಷವೂ ಇಲ್ಲ. ನಿಯಮ ಬಿಗಿಯಾದದ್ದೇ, ಆದರೆ ಮೊದಲೇ ಬರೆದಿಟ್ಟದ್ದು. ನನ್ನ ಮಟ್ಟಿಗೆ ಖಾಸಗಿ ಚಾನೆಲ್‌ಗಳ ಬಾಯಿಮಾತಿನ ನಿಯಮಕ್ಕಿಂತ ಅದು ವಾಸಿ.

ಕಾಸು ಕೊಟ್ಟು ಹಾಕಿಸಿದ ಸುದ್ದಿ ಎಂಬ ಅನುಮಾನ ಬಂದರೆ ಚುನಾವಣೆ ವೇಳೆ ಜಿಲ್ಲಾ ಮಾಧ್ಯಮ ನಿಗಾ ಸಮಿತಿಗೆ ದೂರು ಕೊಡಬಹುದು. ನಮ್ಮ ಸುದ್ದಿಯನ್ನೇ ಹಾಕಲಿಲ್ಲ ಎಂಬ ದೂರನ್ನು ಆ ಸಮಿತಿ ಕೇಳುವುದಿಲ್ಲ; ಅದು ಸಂಪಾದಕರಿಗೆ ಬಿಟ್ಟದ್ದು.